ಮಾಲ್ ಬದಲು ಪಾರ್ಕ್: ನಾನು ಮಕ್ಕಳಿಗೆ ಮೋಸ ಮಾಡ್ತಿದ್ದೀನಾ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 9 ವರ್ಷ, ಮಗನಿಗೆ 5. ಆರು ತಿಂಗಳಿಂದ ಮನೆಯ ಆದಾಯ ಕಡಿಮೆಯಾಗಿದೆ. ಮೊದಲು ತಿಂಗಳಿಗೊಮ್ಮೆ ಮಾಲ್‌ನಲ್ಲಿರುವ ಮಕ್ಕಳ ಆಟದ ಜಾಗಕ್ಕೆ ಹೋಗುತ್ತಿದ್ದೆವು. ಈಗ ಆಗುತ್ತಿಲ್ಲ. ಬದಲಿಗೆ ಪ್ರತಿ ಭಾನುವಾರ ನಗರದ ದೊಡ್ಡ ಪಾರ್ಕ್‌ಗೆ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಇಲ್ಲ ಅನ್ನೋದೇ ಕಾರಣ. ಮಾಲ್‌ನ ಆಟದ ಜಾಗ ರಿಪೇರಿಗೆ ಮುಚ್ಚಿದೆ ಅಂತ ಮಗಳಿಗೆ ಹೇಳಿದ್ದೆ. ಹೋದ ವಾರ ಅವಳ ಗೆಳತಿಯ ಹುಟ್ಟುಹಬ್ಬ ಅಲ್ಲೇ ಆಯಿತಂತೆ. "ಅಮ್ಮ, ನೀನು ಸುಳ್ಳು ಹೇಳಿದ್ಯಾ?" ಅಂತ ಕೇಳಿದಳು. ನಾನು ಮಾತು ಬದಲಿಸಿದೆ. ಈಗ ಪಾರ್ಕ್ ಅಂದರೆ ಸಾಕು, ಮುಖ ಊದಿಸುತ್ತಾಳೆ. ಹೋಗಿ ಹತ್ತು ನಿಮಿಷಕ್ಕೆ ಬೋರ್ ಅಂತಾಳೆ. ಅಕ್ಕನನ್ನು ನೋಡಿ ಚಿಕ್ಕವನೂ ಅದೇ ರಾಗ. ಗಂಡ ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿರುತ್ತಾರೆ. ಪುಕ್ಕಟೆ ಸಿಗುವುದನ್ನು ಕೊಟ್ಟು ನಾನು ಮಕ್ಕಳಿಗೆ ಮೋಸ ಮಾಡುತ್ತಿದ್ದೀನಾ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾರ್ಕ್‌ನಿಂದ ಮೋಸ ಆಗಿಲ್ಲ. ಮಗಳಿಗೆ ನೋವಾಗಿರುವುದು ಆ ರಿಪೇರಿಯ ಮಾತಿನಿಂದ. ಅವಳ ಲೆಕ್ಕದಲ್ಲಿ ಪಾರ್ಕ್ ಅಂದರೆ ಅಮ್ಮ ಏನನ್ನೋ ಮುಚ್ಚಿಟ್ಟು ಕರೆದುಕೊಂಡು ಹೋಗುವ ಜಾಗ. ಹೀಗಿರುವಾಗ ಅಲ್ಲಿ ಎಂಥ ಆಟ ಆಡಿಸಿದರೂ ಅವಳಿಗೆ ರುಚಿಸುವುದಿಲ್ಲ. ಅದಕ್ಕೇ ಮೊದಲು ಈ ಗಂಟು ಬಿಡಿಸೋಣ, ಆಟದ ಮಾತು ಆಮೇಲೆ.

ಇವತ್ತೇ, ಅವಳೊಬ್ಬಳೇ ಇರುವಾಗ ಕೂರಿಸಿಕೊಂಡು ಹೇಳಿ. "ಹೌದು ಪುಟ್ಟಿ, ನಾನು ಸುಳ್ಳು ಹೇಳಿದೆ. ಈಗ ನಮ್ಮ ಹತ್ತಿರ ದುಡ್ಡು ಕಡಿಮೆ ಇದೆ. ಬಾಡಿಗೆ, ಸ್ಕೂಲ್ ಫೀಸ್ ಮೊದಲು ಕಟ್ಟಬೇಕು. ಹಾಗಂತ ಹೇಳೋಕೆ ನನಗೆ ಕಷ್ಟ ಆಯ್ತು." ಇಷ್ಟು ಸಾಕು. ಅಳಬೇಡಿ, ಸಾಲದ ಕಥೆಯನ್ನೆಲ್ಲ ಅವಳ ತಲೆಗೆ ಕಟ್ಟಬೇಡಿ. "ಮುಂದಿನ ತಿಂಗಳು ಖಂಡಿತ ಹೋಗೋಣ" ಅಂತ ಇನ್ನೊಂದು ಸುಳ್ಳನ್ನೂ ಸೇರಿಸಬೇಡಿ. ದುಡ್ಡಿಲ್ಲ ಅನ್ನುವುದನ್ನು ಒಂಬತ್ತು ವರ್ಷದ ಮಗು ತಡೆದುಕೊಳ್ಳುತ್ತದೆ. ಅಮ್ಮ ಹೇಳಿದ್ದರಲ್ಲಿ ಯಾವುದು ನಿಜ ಅಂತ ಗೊತ್ತಾಗದೇ ಇರುವುದೇ ಅದಕ್ಕೆ ಜಾಸ್ತಿ ಕಷ್ಟ. ಅವಳು ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ, ಒಂದು ದಿನ ಮಾತು ಬಿಟ್ಟರೂ ಬಿಡಲಿ. ನೀವು ಮಾತ್ರ ಅಲ್ಲೇ ಇರಿ.

ಇನ್ನು "ಪುಕ್ಕಟೆ" ಅನ್ನುವ ಮಾತು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಷ್ಟು ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಂಜಾಗುವ ದೃಷ್ಟಿದೋಷ ಬರುವುದು ಕಡಿಮೆ. ಇದೆಲ್ಲ ಟಿಕೆಟ್ ಇಲ್ಲದ ಜಾಗದಲ್ಲಿ ಸಿಗುತ್ತದೆ. ಹಾಗಾಗಿ ಕಡಿಮೆಯದ್ದನ್ನು ಕೊಡುತ್ತಿದ್ದೇನೆ ಅನ್ನುವ ಅಳುಕನ್ನು ಬಿಟ್ಟುಬಿಡಿ. ಆ ಅಳುಕು ನಿಮ್ಮ ಮುಖದಲ್ಲಿ ಕಾಣುತ್ತದೆ, ಮಕ್ಕಳು ಅದನ್ನು ಓದುತ್ತಾರೆ.

ಆದರೆ ಬೋರ್ ಅನ್ನುವ ದೂರು ಸುಳ್ಳಲ್ಲ. ಆಟದ ಜಾಗದಲ್ಲಿ ಎಲ್ಲವೂ ಮೊದಲೇ ಸಿದ್ಧವಾಗಿರುತ್ತದೆ: ಹತ್ತು, ಜಾರು, ಗುಂಡಿ ಒತ್ತು. ಪಾರ್ಕ್‌ನಲ್ಲಿ ಯಾರೂ ಏನೂ ಹೇಳುವುದಿಲ್ಲ. ಮಗು ತಾನೇ ಆಟ ಹುಡುಕಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲ ಹದಿನೈದು ನಿಮಿಷ ಗೊಣಗಲಿ. ಫೋನ್ ಕೊಡಬೇಡಿ, ಬುದ್ಧಿಯನ್ನೂ ಹೇಳಬೇಡಿ. ಇಡೀ ಪಾರ್ಕ್ ಸುತ್ತುವ ಹಟವೂ ಬೇಡ. ದೊಡ್ಡ ಪಾರ್ಕ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಐದು ವರ್ಷದವನ ಕಾಲು ಅರ್ಧ ದಾರಿಗೇ ಸೋಲುತ್ತದೆ, ಆಮೇಲೆ ಉಳಿಯುವುದು ಬರೀ ಅಳು. ಒಂದು ಮೂಲೆ ಆರಿಸಿಕೊಳ್ಳಿ. ಒಂದು ದೊಡ್ಡ ಮರ, ಸ್ವಲ್ಪ ಹುಲ್ಲು, ಸ್ವಲ್ಪ ಬರಿಯ ಮಣ್ಣು ಇದ್ದರೆ ಸಾಕು. ಪ್ರತಿ ವಾರ ಅಲ್ಲಿಗೇ ಹೋಗಿ.

ಹೋಗುವಾಗ ಒಂದು ಉಂಡೆ ದಾರ, ಎರಡು ಕ್ರೆಯಾನ್, ಹಿಂಬದಿ ಖಾಲಿ ಇರುವ ಹಳೆಯ ಹಾಳೆ ತೆಗೆದುಕೊಳ್ಳಿ.

ಮರದಿಂದ ಶುರು ಮಾಡಿ. ಅರಣ್ಯದ ಕೆಲಸದವರು ಮರದ ದಪ್ಪ ಅಳೆಯುವುದು ಸಾಮಾನ್ಯವಾಗಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ. ನಿಮ್ಮ ಮಗಳ ವಯಸ್ಸಿನವರ ನೆತ್ತಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅವಳನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ಅವಳ ನೆತ್ತಿಯ ಮಟ್ಟದಲ್ಲಿ ದಾರ ಸುತ್ತಿ, ತುದಿ ಸೇರುವ ಕಡೆ ಗಂಟು ಹಾಕಲಿ. ಮನೆಗೆ ಬಂದು ಸ್ಕೇಲ್ ಇಟ್ಟು ಅಳೆದು, ಬಂದದ್ದನ್ನು 3.14ರಿಂದ ಭಾಗಿಸಿದರೆ ಮರದ ಅಡ್ಡಗಲ ಸಿಗುತ್ತದೆ. ಎತ್ತರಕ್ಕೂ ಒಂದು ಉಪಾಯ ಇದೆ. ಕೈ ನೇರ ಚಾಚಿ, ಮುಷ್ಟಿಯಿಂದ ಕಣ್ಣಿನವರೆಗೆ ಎಷ್ಟು ದೂರವೋ ಅಷ್ಟೇ ಉದ್ದದ ಒಣ ಕಡ್ಡಿ ಹುಡುಕಿ. ಚಾಚಿದ ಕೈಯಲ್ಲಿ ಅದನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದೆ ಹಿಂದೆ ಹೋಗಬೇಕು. ಕಡ್ಡಿಯ ಬುಡಕ್ಕೆ ಮರದ ಬುಡ, ಕಡ್ಡಿಯ ತುದಿಗೆ ಮರದ ತುದಿ ಸರಿ ಕೂರುವ ಕಡೆ ನಿಂತುಬಿಡಿ. ಅಲ್ಲಿಂದ ಮರಕ್ಕೆ ಎಷ್ಟು ದೂರವೋ ಮರ ಹತ್ತಿರ ಹತ್ತಿರ ಅಷ್ಟೇ ಎತ್ತರ. ಹಿಂದೆ ನಡೆಯುವಾಗ ಯಾರಾದರೂ ಕೈ ಹಿಡಿದುಕೊಳ್ಳಬೇಕು, ಎಡವುತ್ತಾರೆ. ಆ ಕೆಲಸ ಅಪ್ಪನದಾಗಲಿ.

ಗಂಡನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಅದರಲ್ಲಿ ಬೇಸರ ತುಂಬಾ ಇದೆ. ಆದಾಯ ಇಳಿದಾಗಿನಿಂದ ಅವರೂ ಒಳಗೊಳಗೇ ಕುಗ್ಗಿರಬಹುದು, ಫೋನ್ ಅವರಿಗೆ ಮರೆಯಾಗಿರಬಹುದು. ಮಕ್ಕಳೆದುರು ಚುಚ್ಚಿ ಮಾತಾಡಬೇಡಿ. ಶನಿವಾರ ರಾತ್ರಿಯೇ ಹೇಳಿ: "ನಾಳೆ ಮರದ ಎತ್ತರ ಅಳೆಯೋದು ನೀನು ಮತ್ತು ಮಗಳು. ನನಗೆ ಲೆಕ್ಕ ಬರಲ್ಲ." ಸ್ಪಷ್ಟವಾದ ಒಂದು ಕೆಲಸ ಕೊಟ್ಟರೆ ಬೆಂಚಿನಿಂದ ಏಳುವುದು ಸುಲಭ.

ಚಿಕ್ಕವನಿಗೆ ನೆಲ ಇದೆ. ದಾರದಿಂದ ಹುಲ್ಲಿನ ಮೇಲೆ ಒಂದು ಚಿಕ್ಕ ವೃತ್ತ ಹಾಕಿ. "ಇದು ನಿನ್ನ ಊರು, ಒಳಗೆ ಯಾರ್ಯಾರು ಇದ್ದಾರೆ ನೋಡು" ಅನ್ನಿ. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಬಹುಪಾಲು ಜೇಡ. ಇರುವೆ ಸಾಲು ಸಿಕ್ಕಿದರೆ ಅದೃಷ್ಟ. ಇರುವೆಗಳು ಓಡಾಡುವ ದಾರಿಯಲ್ಲಿ ಒಂದು ವಾಸನೆ ಬಿಟ್ಟಿರುತ್ತವೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ. ಸಾಲಿನ ನಡುವೆ ಸ್ವಲ್ಪ ಜಾಗವನ್ನು ಎಲೆಯಿಂದ ಒರೆಸಿ ನೋಡಿ. ಬಂದ ಇರುವೆಗಳು ಅಲ್ಲಿ ತಡವರಿಸುತ್ತವೆ, ಅತ್ತ ಇತ್ತ ಹುಡುಕುತ್ತವೆ, ಕೊನೆಗೆ ಸಾಲು ಮತ್ತೆ ಕೂಡುತ್ತದೆ. ಕಚ್ಚುವ ಜಾತಿಯಾದರೆ ದೂರದಿಂದ ನೋಡಿದರೆ ಸಾಕು. ನನ್ನ ಮಗ ಚಿಕ್ಕವನಿದ್ದಾಗ ಇದನ್ನು ನೋಡುತ್ತಾ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತಿದ್ದ. ಮನೆಗೆ ಹೋಗೋಣ ಅಂದಾಗ "ಇರು, ಇನ್ನೊಂದಕ್ಕೆ ದಾರಿ ಸಿಕ್ಕಿಲ್ಲ" ಅಂದಿದ್ದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಬಿಸಿಲಿದ್ದರೆ ಬಂದ ಕೂಡಲೇ ಮಣ್ಣಿನಲ್ಲಿ ಒಂದು ಕಡ್ಡಿ ನೆಟ್ಟು, ನೆರಳಿನ ತುದಿಗೆ ಒಂದು ಕಲ್ಲು ಇಡಿ. ಆಟ ಮುಗಿಸಿ ಬಂದು ನೋಡಿದರೆ ನೆರಳು ಕಲ್ಲನ್ನು ಬಿಟ್ಟು ಸರಿದಿರುತ್ತದೆ. ಭೂಮಿ 24 ಗಂಟೆಗೆ ಒಂದು ಸುತ್ತು, ಅಂದರೆ ಗಂಟೆಗೆ 15 ಡಿಗ್ರಿ ತಿರುಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ಕಲ್ಲಿಟ್ಟು ಹಿಡಿಯುವುದೇ ಬೇರೆ ಅಲ್ವಾ? ಸುಸ್ತಾದಾಗ ಎಲ್ಲರೂ ಕಣ್ಣು ಮುಚ್ಚಿ ಕೂತು, ಕೇಳಿದ ಪ್ರತಿ ಹೊಸ ಸದ್ದಿಗೂ ಒಂದು ಬೆರಳು ಮಡಚಿ. ಕ್ರೆಯಾನ್ ಇದೆ, ಬಿದ್ದ ಎಲೆಯ ಮೇಲೆ ಹಾಳೆ ಇಟ್ಟು ತಿಕ್ಕಿದರೆ ನರಗಳೆಲ್ಲ ಮೂಡುತ್ತವೆ. ಕೀಳುವುದು ಬೇಡ, ಬಿದ್ದದ್ದು ಬೇಕಾದಷ್ಟಿರುತ್ತದೆ.

ಇದರಲ್ಲಿ ಒಂದು ಭಾನುವಾರಕ್ಕೆ ಒಂದೋ ಎರಡೋ ಸಾಕು. ಉಳಿದ ಹೊತ್ತು ಸುಮ್ನೆ ಓಡಲಿ, ಉರುಳಲಿ. ಅವರಿಗೆ ಸಾಕಾಗುವ ಮೊದಲೇ ಹೊರಟುಬಿಡಿ, ಮುಂದಿನ ವಾರಕ್ಕೆ ಆಸೆ ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಪಾರ್ಕ್ ದೊಡ್ಡದು, ಮಕ್ಕಳು ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಗುತ್ತಾರೆ. ಬಾಗಿಲಲ್ಲೇ ಇಬ್ಬರದೂ ಒಂದು ಫೋಟೋ ತೆಗೆದುಕೊಳ್ಳಿ, ಆ ದಿನದ ಬಟ್ಟೆಯ ಬಣ್ಣ ಅದರಲ್ಲಿರುತ್ತದೆ. ಅಪ್ಪ ಅಮ್ಮ ಕಾಣಿಸದಿದ್ದರೆ ಹುಡುಕಿಕೊಂಡು ಹೋಗದೆ ನಿಂತಲ್ಲೇ ನಿಂತು ಜೋರಾಗಿ ಕೂಗಬೇಕು ಅಂತ ಹೇಳಿಕೊಡಿ. ನಿಮ್ಮ ಫೋನ್ ನಂಬರ್ ಮಗಳಿಗೆ ಬಾಯಿಪಾಠ ಆಗಿರಲಿ. ಕೆರೆ, ಕೊಳ ಇದ್ದರೆ ಅಲ್ಲಿ ಚಿಕ್ಕವನ ಕೈ ಬಿಡಬೇಡಿ.

ಮಗಳು ಗೆಳತಿಯರ ಮುಂದೆ ಏನು ಹೇಳಬೇಕು ಅಂತ ಕೇಳಬಹುದು. "ನಾವು ಈಗ ಅಲ್ಲಿಗೆ ಹೋಗ್ತಿಲ್ಲ, ಪಾರ್ಕ್‌ಗೆ ಹೋಗ್ತೀವಿ" ಅಂದರೆ ಸಾಕು ಅಂತ ಹೇಳಿ. ಹುಟ್ಟುಹಬ್ಬಕ್ಕೆ ಅಲ್ಲಿಗೇ ಹೋಗಬೇಕು ಅಂತ ಅವಳಿಗೆ ಆಸೆಯಾದರೆ ತಪ್ಪಲ್ಲ. ಆಸೆ ಪಡಬೇಡ ಅನ್ನಬೇಡಿ. ಕೈಗೂಡಿದಾಗ ಕರೆದುಕೊಂಡು ಹೋಗಿ, ಖುಷಿಯಾಗಿ ಹೋಗಿ ಬನ್ನಿ.

ಆ ಗಂಟು ಹಾಕಿದ ದಾರವನ್ನು ಮಾತ್ರ ಎಸೆಯಬೇಡಿ. ಒಂದು ಚೀಟಿಯಲ್ಲಿ ತಾರೀಕು ಬರೆದು ಅದಕ್ಕೆ ಕಟ್ಟಿಡಲಿ. ತೊಗಟೆಯಲ್ಲಿ ಅವಳ ನೆತ್ತಿಯ ಮಟ್ಟಕ್ಕೆ ಯಾವುದಾದರೂ ಗುಬ್ಬು ಇದೆಯಾ ಅಂತಲೂ ನೋಡಿಟ್ಟುಕೊಳ್ಳಿ. ಮರ ಎತ್ತರ ಬೆಳೆಯುವುದು ತುದಿಗಳಲ್ಲಿ ಮಾತ್ರ. ಕಾಂಡ ದಪ್ಪವಾಗುತ್ತದೆ, ಆದರೆ ಅದರ ಮೇಲಿನ ಗುರುತು ಮೇಲೇರುವುದಿಲ್ಲ. ಮುಂದಿನ ವರ್ಷ ಇದೇ ಹೊತ್ತಿಗೆ ಅವಳನ್ನು ಮತ್ತೆ ಅಲ್ಲಿ ನಿಲ್ಲಿಸಿದರೆ ಆ ಗುಬ್ಬು ಅವಳ ಹಣೆಗೆ ಬಂದಿರುತ್ತದೆ. ದಾರದ ತುದಿಗಳು ಸೇರಿದವಾ ಇಲ್ಲವಾ ಅಂತ ಆಗ ನನಗೊಂದು ಪತ್ರ ಬರೆಯಿರಿ. ಮಗಳೇ ಬರೆದರೆ ಇನ್ನೂ ಸಂತೋಷ.