ಸೂಚಿ ತಾನಾಗಿ ಬಂದರೆ ಸಾಲದು

ನಮಸ್ಕಾರ,

ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರಿನಲ್ಲಿ ನಕ್ಷೆ ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಮಳೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದು ಒಳ್ಳೆಯದಾಯಿತು, ಭಾಷೆಯೂ ಸಲೀಸಾಗಿದೆ. ಆದರೆ ಒಂದು ವಾಕ್ಯ ನನ್ನನ್ನು ಕೆಣಕಿತು: "ಕೊನೆಯಲ್ಲಿ ಲೆಜೆಂಡ್ ಸೇರಿಸಿದರೆ ಸೂಚಿ ತಾನಾಗಿಯೇ ಬರುತ್ತದೆ."

ಸೂಚಿ ಅಥವಾ ಲೆಜೆಂಡ್ ಅಂದರೆ ನಕ್ಷೆಯ ಯಾವ ಬಣ್ಣ, ಯಾವ ಗುರುತು ಏನನ್ನು ಹೇಳುತ್ತದೆ ಅಂತ ತಿಳಿಸುವ ಪಟ್ಟಿ. ಅದು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಬಂದದ್ದೇನು ಅಂತ ನಿಮ್ಮ ಮೂರನೇ ಚಿತ್ರದಲ್ಲೇ ನೋಡಿ.

ಮೊದಲ ಸಾಲು: "ಮಳೆ_ಹಾಸನ_ಫೈನಲ್2". ಇದು ನಿಮ್ಮ ಕಂಪ್ಯೂಟರಿನ ಫೈಲಿನ ಹೆಸರು. ಓದುಗನಿಗೆ ಯಾಕೆ ಬೇಕು? ಅವನಿಗೆ ಬೇಕಾದ್ದು "ವಾರ್ಷಿಕ ಸರಾಸರಿ ಮಳೆ, ಮಿ.ಮೀ." ಅನ್ನುವುದು. ಮಿ.ಮೀ. ಅನ್ನುವ ಮಾತು ನಿಮ್ಮ ಇಡೀ ನಕ್ಷೆಯಲ್ಲಿ ಎಲ್ಲೂ ಇಲ್ಲ. ಸರಾಸರಿ ಯಾವ ವರ್ಷಗಳದು ಅನ್ನುವುದೂ ಇಲ್ಲ.

ಎರಡನೇ ಸಾಲು: "ಬ್ಯಾಂಡ್ 1 (ಗ್ರೇ)". ಅಲ್ಲ ಮಾರಾಯ್ರೆ, ಬೆಟ್ಟದ ನೆರಳು ಕಾಣಲಿ ಅಂತ ಹಿಂದೆ ಹಾಸಿದ ಪದರ ಅದು, ಸೂಚಿಯಲ್ಲಿ ಅದಕ್ಕೇನು ಕೆಲಸ? ಅಚ್ಚಿಗೆ ಹಾಳೆ ಸಿದ್ಧಮಾಡುವ ಪ್ರಿಂಟ್ ಲೇಔಟ್‌ನಲ್ಲಿ ಲೆಜೆಂಡ್ ಆರಿಸಿ, "ಆಟೋ ಅಪ್‌ಡೇಟ್" ಎದುರಿನ ಗುರುತು ತೆಗೆಯಿರಿ. ಆಮೇಲೆ ಹೆಸರು ತಿದ್ದಬಹುದು, ಸಾಲನ್ನು ಮೇಲೆ ಕೆಳಗೆ ಸರಿಸಬಹುದು, ಬೇಡದ್ದನ್ನು ತೆಗೆಯಬಹುದು. ಗುರುತು ತೆಗೆದ ಮೇಲೆ ಹೊಸ ಪದರ ಸೇರಿಸಿದರೆ ಅದು ಸೂಚಿಗೆ ತಾನಾಗಿ ಬರುವುದಿಲ್ಲ, ನೀವೇ ಹಾಕಬೇಕು. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಇದ್ದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ಬಣ್ಣದ ಚೌಕಗಳ ನಾಲ್ಕು ಸಾಲು ಇದಕ್ಕಿಂತ ಕೆಟ್ಟದ್ದು. ಪ್ರತಿ ಅಂಕಿಗೂ ಬಿಂದುವಿನ ಆಚೆ ನಾಲ್ಕು ದಶಾಂಶ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮಳೆಯನ್ನು ಅಳೆಯುವ ಮಾಪಕ ಯಾವ ಹೋಬಳಿಯಲ್ಲಿದೆ? ಪದರಕ್ಕೆ ಬಣ್ಣ ಹಚ್ಚುವ ಸಿಂಬಾಲಜಿಯಲ್ಲಿ "ಪ್ರಿಸಿಷನ್" ಅನ್ನುವ ಪುಟ್ಟ ಚೌಕವಿದೆ, ಅಲ್ಲಿ 0 ಹಾಕಿ. ಇನ್ನು, ಒಂದು ವರ್ಗ ಮುಗಿಯುವ ಅಂಕಿಯಲ್ಲೇ ಮುಂದಿನದು ಶುರುವಾಗುತ್ತದೆ. ಸರಿಯಾಗಿ ಆ ಅಂಕಿಯಷ್ಟೇ ಮಳೆ ಬಿದ್ದ ತಾಲ್ಲೂಕು ಯಾವ ಬಣ್ಣ? "ಈಕ್ವಲ್ ಕೌಂಟ್" ಒತ್ತಿದ್ದೀರಿ, ಹಾಗಾಗಿ ಸಾಫ್ಟ್‌ವೇರ್ ಎಂಟು ತಾಲ್ಲೂಕನ್ನು ನಾಲ್ಕು ಬಣ್ಣಕ್ಕೆ ಎರಡೆರಡಾಗಿ ಪಾಲು ಮಾಡಿದೆ. ಘಟ್ಟದಂಚಿನ ಭಾರಿ ಮಳೆಯ ಸಕಲೇಶಪುರಕ್ಕೂ ಅದಕ್ಕಿಂತ ಕಡಿಮೆ ಮಳೆಯ ಆಲೂರಿಗೂ ಒಂದೇ ಕಡುನೀಲಿ! ಆ ಕಡೆಯ ಬೆಳೆಗಾರರು ನೋಡಿದರೆ ನಗುತ್ತಾರೆ. ಗಡಿಗಳನ್ನು ನೀವೇ ಕೂತು ಹಾಕಿ: 700ಕ್ಕಿಂತ ಕಡಿಮೆ, 700ರಿಂದ 999, 1000ದಿಂದ 1499, 1500 ಮತ್ತು ಮೇಲೆ. ಅರಸೀಕೆರೆಯವನು ತನ್ನ ಊರಿನ ಬಣ್ಣ ಹುಡುಕಿ, ಸೂಚಿಗೆ ಒಮ್ಮೆ ಕಣ್ಣು ಹಾಯಿಸಿ, ವಾಪಸ್ ನಕ್ಷೆಗೆ ಬರುವಷ್ಟು ಸುಲಭವಾಗಿರಬೇಕು.

ನಾನು ಟ್ರೇಸಿಂಗ್, ಅಂದರೆ ಕೈಯಲ್ಲಿ ನಕ್ಷೆ ಬರೆಯುವುದು, ಕಲಿತದ್ದು ಇದೇ ಹಾಸನದಲ್ಲಿ, ಒಬ್ಬ ಹಳೇ ಡ್ರಾಫ್ಟ್ಸ್‌ಮನ್ ಕೈಕೆಳಗೆ. ಇಂಡಿಯನ್ ಇಂಕು, ಟ್ರೇಸಿಂಗ್ ಪೇಪರು, ತಪ್ಪಾದರೆ ಕೆರೆಯಲು ಅರ್ಧ ಬ್ಲೇಡು. ಅವರು ಮುಗಿದ ಪ್ರಿಂಟನ್ನು ಸೂಚಿ ಮಾತ್ರ ಕಾಣುವ ಹಾಗೆ ಮಡಚಿ, ಬೇರೆ ಮೇಜಿನವರ ಮುಂದೆ ಹಿಡಿಯುತ್ತಿದ್ದರು: "ಇದು ಯಾತರ ನಕ್ಷೆ, ಹೇಳಿ." ಉತ್ತರ ಬರದಿದ್ದರೆ ಹಾಳೆ ನನ್ನ ಮೇಜಿಗೆ ವಾಪಸ್. ಕೇಂದ್ರ ಸರ್ಕಾರದ ನಕ್ಷೆ ಇಲಾಖೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯ ಬುಡದ ಸೂಚಿಯನ್ನು ಪಾಠದ ಹಾಗೆ ಓದಿಸುತ್ತಿದ್ದರು. ಅದರಲ್ಲಿ ಕಲ್ಲು ಕಟ್ಟಿದ ಬಾವಿಗೊಂದು ಗುರುತು, ಕಟ್ಟದ ಬಾವಿಗೆ ಇನ್ನೊಂದು. ವರ್ಷವಿಡೀ ನೀರಿರುವ ಕೆರೆ ಬೇರೆ, ಒಣಗುವ ಕೆರೆ ಬೇರೆ. ಬಯಲುಸೀಮೆಯಲ್ಲಿ ನೀರು ಹುಡುಕುತ್ತಾ ಅಲೆಯುವವನಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಯೋಚಿಸಿ. ನಿಮ್ಮ ನಕ್ಷೆಯಲ್ಲಿ ಗೊರೂರಿನ ಹೇಮಾವತಿ ಜಲಾಶಯಕ್ಕೂ ಅರಸೀಕೆರೆ ಕಡೆಯ ಕೆರೆಗಳಿಗೂ ಒಂದೇ ನೀಲಿ, ಒಂದೇ ಸಾಲು. ಮಳೆಯ ನಕ್ಷೆಗೆ ಅವು ಬೇಕೇ ಬೇಕು ಅಂತಿದ್ದರೆ ಬೇರೆ ಮಾಡಿ, ಇಲ್ಲವಾದರೆ ತೆಗೆದುಬಿಡಿ.

ಪಠ್ಯದ ಉಳಿದ ಭಾಗ ಇದ್ದ ಹಾಗೇ ಇರಲಿ. ಆ ಒಂದು ವಾಕ್ಯ, ಮೂರನೇ ಚಿತ್ರ ಎರಡನ್ನೂ ಬದಲಿಸಿ. ಈ ಸಲ ಪಿಡಿಎಫ್ ಬೇಡ, ಪ್ರಾಜೆಕ್ಟ್ ಫೈಲನ್ನು ಅದರ ದತ್ತಾಂಶದ ಸಮೇತ ಕಳಿಸಿ. ಮಳೆಯ ಅಂಕಿ ಯಾವ ವರ್ಷಗಳದು ಅನ್ನುವುದನ್ನು ಪತ್ರದಲ್ಲೂ ಒಂದು ಸಾಲು ಬರೆಯಿರಿ.