ದ್ವಿದಳ ಬೆಳೆಯ ಬೀಜಕ್ಕೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಲೇಪಿಸಿದರೆ ನಿಜವಾಗಿ ಪ್ರಯೋಜನ ಇದೆಯೇ?

ಇದೆ, ಆದರೆ ಬೆಳೆಗೆ ಹೊಂದುವ ಬ್ಯಾಕ್ಟೀರಿಯಾ ತಳಿಯೇ ಬೇಕು. ಕಡಲೆಯ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ಸೋಯಾಬೀನ್‌ಗೆ ಆಗುವುದಿಲ್ಲ. ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಯೇ ತೆಗೆದುಕೊಳ್ಳಿ. ಈ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಗಿಡ ಇದಕ್ಕೆ ಆಹಾರ ಕೊಡುತ್ತದೆ.

ಜೀವಂತ ವಸ್ತು, ಬಿಸಿಲು ಬಿದ್ದರೆ ಸಾಯುತ್ತದೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ. ಯೂರಿಯಾ ಜಾಸ್ತಿಯಾದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಸಾರಜನಕ ಸುಮ್ನೆ ಸಿಗುವಾಗ ಗಿಡ ಬ್ಯಾಕ್ಟೀರಿಯಾವನ್ನು ಯಾಕೆ ಸಾಕಬೇಕು, ಅಲ್ವಾ? ಅದೇ ಬೆಳೆ ಮೊದಲೇ ಬೆಳೆದಿದ್ದ ಹೊಲದಲ್ಲಿ ದೊಡ್ಡ ವ್ಯತ್ಯಾಸ ಕಾಣದೆಯೂ ಇರಬಹುದು.

ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲಗೆ ಅಗೆದು ತೆಗೆದು, ಗಂಟನ್ನು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಇಲ್ಲ.