ಓಸಿಟಿ ಆಂಜಿಯೋ ನಾರ್ಮಲ್ ಬಂದರೂ ಡೈ ಟೆಸ್ಟ್ ಯಾಕೆ?

ಯುವೈಟಿಸ್ (ಕಣ್ಣೊಳಗಿನ ಉರಿಯೂತ) ಇದೆ, ಓಸಿಟಿ ಆಂಜಿಯೋ (ಡೈ ಇಲ್ಲದೆ ಕಣ್ಣಿನ ರಕ್ತನಾಳ ತೋರಿಸುವ ಸ್ಕ್ಯಾನ್) ನಾರ್ಮಲ್, ಆದರೂ ಡೈ ಕೊಟ್ಟು ಕಣ್ಣಿನ ಫೋಟೋ ತೆಗೆಯುವ ಡೈ ಟೆಸ್ಟ್ ಯಾಕೆ ಅಂದಿರಲ್ಲ, ಕಾರಣ ಬಹುಶಃ ಸೋರಿಕೆ. ಓಸಿಟಿ ಆಂಜಿಯೋದಲ್ಲಿ ರಕ್ತ ಹರಿಯುವುದು ಕಾಣುತ್ತದೆ, ನಾಳದಿಂದ ಸೋರುವುದು ಕಾಣುವುದಿಲ್ಲ. ಅದು ನೋಡುವುದೂ ಜಾಸ್ತಿ ರೆಟಿನಾದ (ಕಣ್ಣಿನ ಹಿಂದಿನ ಪರದೆಯ) ನಡುಭಾಗವನ್ನೇ, ಉರಿಯೂತ ಎಷ್ಟೋ ಸಲ ಅಂಚಿನಲ್ಲಿ ಇರುತ್ತದೆ.

ಡೈ ಟೆಸ್ಟ್‌ನಲ್ಲಿ ಫ್ಲೋರೆಸಿನ್ ಅನ್ನುವ ಡೈಯನ್ನು ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ನಾಳದ ಗೋಡೆ ಗಟ್ಟಿ ಇದ್ದರೆ ಡೈ ಒಳಗೇ ಉಳಿಯುತ್ತದೆ. ಇಲ್ಲದಿದ್ದರೆ ಕೊನೆಯ ಫೋಟೋಗಳಲ್ಲಿ ಸಣ್ಣ ನಾಳಗಳ ಸುತ್ತ ಜರೀಗಿಡದ ಎಲೆಯ ಹಾಗೆ ಬೆಳ್ಳಗೆ ಹರಡಿರುತ್ತದೆ. ನಿಮ್ಮ ಕಣ್ಣಲ್ಲಿ ಹಾಗೇ ಇದೆಯಾ ಅನ್ನುವುದು ಟೆಸ್ಟ್ ಆಗದೆ ಗೊತ್ತಾಗುವುದಿಲ್ಲ.

ಮೊದಲು ಅಲರ್ಜಿ, ಆಸ್ತಮಾ, ಕಿಡ್ನಿ ತೊಂದರೆ, ಗರ್ಭಿಣಿಯೇ ಅನ್ನುವುದನ್ನು ಡಾಕ್ಟರಿಗೆ ಹೇಳಿಬಿಡಿ. ಆಮೇಲೆ ರೆಟಿನಾದ ಅಂಚಿನವರೆಗೂ ಕಾಣುವ ವೈಡ್‌ಫೀಲ್ಡ್ ಕ್ಯಾಮೆರಾದಲ್ಲಿ ಫೋಟೋ ತೆಗೆಯಲು ಆಗುತ್ತದಾ ಕೇಳಿ, ಇದು ನಿಜಕ್ಕೂ ಮುಖ್ಯ, ಅಂಚು ಕಾಣದಿದ್ದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಹಳೆಯ ಫೋಟೋಗಳಿದ್ದರೆ ಹೋಲಿಸಲು ಒಯ್ಯಿರಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಟೆಸ್ಟ್‌ಗೆ ಅಂತ ನೀವೇ ನಿಲ್ಲಿಸಬೇಡಿ.

ಡೈ ಹೋದಾಗ ಸ್ವಲ್ಪ ವಾಕರಿಕೆ ಬರಬಹುದು, ಮೂತ್ರ ಹಳದಿಯಾಗುತ್ತದೆ, ಗಾಬರಿ ಬೇಡ. ಮೈ ತುರಿಸಿದರೆ, ಉಸಿರು ಕಟ್ಟಿದರೆ ಮಾತ್ರ ಅಲ್ಲೇ ತಕ್ಷಣ ಹೇಳಿ. ಟೆಸ್ಟ್ ಆಗುವುದರೊಳಗೆ ದೃಷ್ಟಿ ದಿಢೀರ್ ಮಂಜಾದರೆ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಹೋಗಿ.